ಗೋಮಿ ಬಳಗದ ಸ್ವಾಗತ

ಸ್ವಾಗತ ಮಾಡುವುದರಲ್ಲಿ ಬಾಬಣ್ಣನವರನ್ನು ಮೀರಿಸುವವರು ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಯಾವ ಸಭೆಯೇ ಇರಲಿ, ವೇದಿಕೆಯ ಮೇಲೆ ಅವರಿಗೊಂದು ಕುರ್ಚಿ, ಹೆಗಲಿಗೊಂದು ಶಾಲು, ಬಾಯಲ್ಲೊಂದು ಸ್ವಾಗತ ಭಾಷಣ ಇದ್ದೇ ಇರುತ್ತದೆ. ಆ ಭಾಷಣದಲ್ಲಿ ಬಂದವರ ಹೆಸರು ತಪ್ಪಬಹುದು, ಬಂದ ಕಾರಣ ತಪ್ಪಬಹುದು, ಬಾಬಣ್ಣನವರ ಹೆಸರು ಮಾತ್ರ ಒಂದು ಸಲವೂ ತಪ್ಪಿದ್ದಿಲ್ಲ. ಇಂಥವರು ಗೋಮಿ ಬಳಗಕ್ಕೆ ಅಧ್ಯಕ್ಷರಾದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಇಳಕಲ್ಲಿನ ನಾಹಿದಾ ಹಣೆ ಚಚ್ಚಿಕೊಳ್ಳುತ್ತಾಳೆ.

ಆದದ್ದು ಇಷ್ಟೇ. ಫೋನಿನಲ್ಲೇ ಮಾತಾಡುತ್ತಿದ್ದ ಬಳಗದವರು ಒಮ್ಮೆ ಮುಖ ನೋಡಿಕೊಳ್ಳೋಣವೆಂದು ಬಾಗಲಕೋಟೆಯಲ್ಲಿ ಜಾಗ ಹುಡುಕುತ್ತಿದ್ದರು. ಬಾಬಣ್ಣ ನವನಗರದ ಒಂದು ಸಭಾಭವನದ ಕೀಲಿ ಕೊಡಿಸಿದರು. ಕೀಲಿ ಕೊಡಿಸಿದವರು ಒಳಗೂ ಬಂದರು, ಬಂದವರು ನಡುವಿನ ಕುರ್ಚಿಯಲ್ಲಿ ಕೂತರು, ಕೂತವರು ಮತ್ತೆ ಏಳಲಿಲ್ಲ. ಏಳಿ ಎನ್ನುವುದಾದರೂ ಹೇಗೆ? ಹಿರಿಯರಿಗೆ ಕೂಡ್ರಿ ಎನ್ನುವುದನ್ನು ನಮಗೆ ಹುಟ್ಟಿದಾಗಿನಿಂದ ಕಲಿಸಿದ್ದಾರೆ, ಏಳ್ರಿ ಎನ್ನುವುದನ್ನು ಯಾರೂ ಕಲಿಸಿಲ್ಲ.

ಗೋಮಿ ಎಂಬುದು ಇಳಕಲ್ ಸೀರೆಯ ಒಂದು ದಡಿಯ, ಅಂದರೆ ಅಂಚಿನ, ಹೆಸರು. ಹುನಗುಂದದ ರಿಜ್ವಾನ ತಾನು ಬರೆದ ತಂತ್ರಾಂಶಕ್ಕೂ ಅದೇ ಹೆಸರಿಟ್ಟಿದ್ದ. ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಸೀರೆಯ ದಡಿ ಬರೆಯುವುದು, ಬರೆದದ್ದನ್ನು ಮಗ್ಗಕ್ಕೆ ಒಪ್ಪುವ ಹಾಗೆ ತಿದ್ದಿಕೊಡುವುದು ಅದರ ಕೆಲಸ. ಪೇಟೆಯಲ್ಲಿ ಇಂಥ ತಂತ್ರಾಂಶ ಕೊಳ್ಳಬೇಕೆಂದರೆ ಸಣ್ಣ ಅಂಗಡಿಯವರ ಕೈಗೆಟುಕುವುದಿಲ್ಲ. ಗೋಮಿ ಹಾಗಲ್ಲ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ಕೆಟ್ಟದ್ದನ್ನು ಸರಿಮಾಡಬಹುದು, ಇನ್ನೊಬ್ಬರಿಗೆ ಕೊಡಬಹುದು. ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಮುಕ್ತ ತಂತ್ರಾಂಶವೆಂದರೆ ಇದೇ ಎಂದು ರಿಜ್ವಾನ ಹೇಳಿದಾಗ ನಾಹಿದಾ, ಹಾಗಾದರೆ ಓಣಿಯ ಬೀಸುವ ಕಲ್ಲಿದ್ದ ಹಾಗೆ ಎಂದಿದ್ದಳು. ಯಾರ ಮನೆಯ ಜೋಳವಾದರೂ ಸರಿ, ಬೀಸಿದ ಮೇಲೆ ಕಲ್ಲು ಒರೆಸಿಟ್ಟು ಹೋಗಬೇಕು ಅಷ್ಟೆ.

ನಾಹಿದಾಳದು ಊರಿನ ಚೌಕದ ಹಿಂದಿನ ಓಣಿಯಲ್ಲಿ ಒಂದು ಅಂಗಡಿ. ಸುತ್ತಲೂ ಪಾವರ್‌ಲೂಮುಗಳ ಖಟಪಟ. ಆ ಮಗ್ಗಗಳಿಗೆ ದಡಿ ಬರೆದುಕೊಡುವುದು ಅವಳ ಕಸುಬು. ರಿಜ್ವಾನ ತಂತ್ರಾಂಶ ಬರೆದನೇನೋ ಸರಿ, ಅದನ್ನು ಮಂದಿಗೆ ಮುಟ್ಟಿಸಿದವಳು ಇವಳು. ರಿಜ್ವಾನನಿಗೆ ಯಂತ್ರದ ಜೊತೆ ಮಾತು ಬರುತ್ತದೆ, ಮನುಷ್ಯರೆದುರು ನಾಲಿಗೆ ಒಣಗುತ್ತದೆ. ಕಮತಗಿಯಿಂದ, ಬೇವೂರಿನಿಂದ, ಎಲ್ಲೆಲ್ಲಿಂದಲೋ ಹೊಸಬರು ಕೇಳುತ್ತಿದ್ದರು. ಚೌಕ ತುಂಬುತ್ತಿಲ್ಲ ಯಾಕೆ, ಅಳಿಸಿದ್ದು ಮರಳಿ ಬರುತ್ತದೆಯೇ, ಹೆಂಗಸರು ಸೇರಬಹುದೇ. ಎಲ್ಲಕ್ಕೂ ಉತ್ತರ ಕೊಟ್ಟವಳು ನಾಹಿದಾ. ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗಲೂ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. ಬೇಸರವಾಗಲಿಲ್ಲವೇ? ಆಯಿತು. ಬೈದುಕೊಂಡಳೇ? ಬೇಕಾದಷ್ಟು. ಅವಳ ನಾಲಿಗೆ ಮೊದಲಿನಿಂದಲೂ ಮೆಣಸಿನಕಾಯಿಯೇ. ಆದರೆ ಕೇಳಿದವರಿಗೆ ಒಂದು ದಿನವೂ ಆ ಖಾರ ತಾಗಲಿಲ್ಲ.

ಬಳಗಕ್ಕೆ ಆಗ ಒಂದು ಸಾದಾ ಪುಟವಿತ್ತು. ಅದರ ನೆತ್ತಿಯ ಮೇಲಿನ ಮಾತನ್ನು ನಾಹಿದಾಳೇ ಬರೆದಿದ್ದಳು: "ಬರ್ರಿ, ಕೂಡ್ರಿ. ನಿಮಗ ಏನ ಬರತೈತಿ ಅಂತ ಯಾರೂ ಕೇಳಂಗಿಲ್ಲ. ಏನ ಬೇಕು ಹೇಳ್ರಿ." ಅದರ ಕೆಳಗೆ ಎಲ್ಲರೂ ಬರೆದ ದಡಿಗಳು, ಪ್ರತಿ ದಡಿಯ ಪಕ್ಕದಲ್ಲಿ ಬರೆದವರ ಹೆಸರು, ಬೇಕೆಂದವರ ಫೋಟೋ. ಒಂದು ದಡಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರೆ ಅವರು ಬಳಗದವರು. ಇದ್ದ ಕಾನೂನು ಅದೊಂದೇ.

ಇಷ್ಟು ಸರಳವಾದದ್ದು ನಮ್ಮ ದೊಡ್ಡ ಮನುಷ್ಯರಿಗೆ ಹೇಗೆ ರುಚಿಸಬೇಕು? ಬಾದಾಮಿಯ ಸಂಜು ಸರ್ ಬಳಗದ ಕಾರ್ಯದರ್ಶಿ. ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ಸಮುದಾಯ ಸಹಭಾಗಿತ್ವದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಆ ಹೊತ್ತಿನಲ್ಲಿ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಹಳೆಯ ಪುಟ ನೋಡಿದರೆ ಹೊರಗಿನವರು ನಗುತ್ತಾರೆ ಎಂದು ಅವರು ಮಿಂಚಿನ ಹಾಗೆ ಕಂಡುಹಿಡಿದರು. ಹೊಸಬರನ್ನು ಕೈಬೀಸಿ ಕರೆಯುವಂಥ ಜಾಲತಾಣ ಬೇಕು, ಅದನ್ನು ಭರ್ಜರಿಯಾಗಿ ಉದ್ಘಾಟಿಸಬೇಕು ಎಂದರು. ಉದ್ಘಾಟನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಾಬಣ್ಣನವರ ಮುಖ ಹೋಳಿಗೆಯ ಹಾಗೆ ಉಬ್ಬಿತು.

ಹೊಸ ತಾಣ ತಯಾರಾಯಿತು. ಕಟ್ಟಿದವನು ರಿಜ್ವಾನನೇ, ಕಟ್ಟಿಸಿದವರು ಇವರಿಬ್ಬರು. ತೆರೆದ ಕೂಡಲೇ ಕೈಮುಗಿದು ನಿಂತ ಬಾಬಣ್ಣನವರ ಫೋಟೋ ಪರದೆಯ ತುಂಬ ಬರುತ್ತದೆ. ಅದು ಪಕ್ಕಕ್ಕೆ ಸರಿದರೆ ಶಾಲು ಹೊದ್ದ ಬಾಬಣ್ಣ, ಅದೂ ಸರಿದರೆ ಮೈಕಿನೆದುರು ಬಾಬಣ್ಣ. ಕೆಳಗೆ "ಸರ್ವರಿಗೂ ಆದರದ ಹಾರ್ದಿಕ ಸುಸ್ವಾಗತ". ನಾಹಿದಾಳ ಮಾತು ಗ್ರಾಮ್ಯವಾಯಿತೆಂದು ಸಂಜು ಸರ್ ತೆಗೆಸಿದ್ದರು. ದಡಿಗಳೆಲ್ಲಿ ಎಂದು ಹುಡುಕಿದರೆ ಅವು ಮೂಲೆಯಲ್ಲಿ 'ಇತರೆ' ಎಂಬ ಹೆಸರಿನಡಿ ಕೂತಿದ್ದವು. ಹೊಸಬರಿಗೆಂದು ಒಂದು ಅರ್ಜಿಯಿತ್ತು. ಅದರ ಮೇಲೆ ಸಂಜು ಸರ್ ಸ್ವಂತ ಕೈಯಿಂದ ಬರೆದದ್ದು ಹೀಗಿತ್ತು: "ಪ್ರವೇಶ ಬಯಸುವವರು ಬಳಗದ ಇಬ್ಬರು ಹಳೆಯ ಸದಸ್ಯರ ಶಿಫಾರಸಿನೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಅಧ್ಯಕ್ಷರ ಪರಿಶೀಲನೆಯ ನಂತರ ತಿಳಿಸಲಾಗುವುದು. ಅಲ್ಲಿಯವರೆಗೆ ಕಾಯತಕ್ಕದ್ದು."

ಸ್ವಾಗತವಂತೆ ಸ್ವಾಗತ. ಹೊಸಿಲಿಗೆ ರಂಗೋಲಿ ಹಾಕಿ ಬಾಗಿಲಿಗೆ ಅಗಳಿ ಜಡಿದರೆ ಅದಕ್ಕೂ ಸ್ವಾಗತ ಎನ್ನಬೇಕೇನೋ.

ನಾಹಿದಾ ರಿಜ್ವಾನನಿಗೆ ಫೋನು ಮಾಡಿ ತರಾಟೆಗೆ ತೆಗೆದುಕೊಂಡಳು. ಬೀಸುವ ಕಲ್ಲಿಗೆ ಯಾರಾದರೂ ಶಿಫಾರಸು ತರುತ್ತಾರೇನೋ ಎಂದು ಕೇಳಿದಳು. ದೊಡ್ಡವರು ಹೇಳ್ಯಾರ ಅಕ್ಕಾ, ಅವರು ಹೇಳಿದಂತೆ ಮಾಡೇನಿ ಎಂದ ರಿಜ್ವಾನ. ಆಮೇಲೆ ಸಮಾಧಾನಕ್ಕೆಂಬಂತೆ, ಕೆಳಗಿನ ಮೂಲೆಯಲ್ಲಿ ಪ್ರಶ್ನೆ ಕೇಳುವ ಡಬ್ಬಿಯನ್ನು ಹಾಗೇ ಉಳಿಸಿದ್ದೇನೆ, ಯಾರು ಏನು ಕೇಳಿದರೂ ಮೊದಲಿನ ಹಾಗೇ ನಿಮ್ಮಲ್ಲಿಗೇ ಬರುತ್ತದೆ, ಪ್ರಶ್ನೆ ಉತ್ತರ ಎರಡೂ ಎಲ್ಲರಿಗೂ ಕಾಣುತ್ತವೆ ಎಂದ. ಅಧ್ಯಕ್ಷರಾಗಲಿ ಕಾರ್ಯದರ್ಶಿಯಾಗಲಿ ಆ ಡಬ್ಬಿಯ ಬಗ್ಗೆ ಕೇಳಿಯೇ ಇರಲಿಲ್ಲ. ಉತ್ತರ ಹೇಳುವ ಕೆಲಸ ಯಾರದೆಂದು ಅವರಿಗೆ ಎಂದಾದರೂ ಹೊಳೆದಿದ್ದರೆ ತಾನೆ?

ಆಮೇಲೆ ಕರೆಯುವ ಸಂಭ್ರಮ ಸುರುವಾಯಿತು. ನಮ್ಮ ಕಡೆ ಕಾರ್ಡು ಕಳಿಸಿದರೆ ಕರೆದಂತಲ್ಲ. ಮನೆಗೆ ಹೋಗಬೇಕು, ಹೊಸಿಲು ದಾಟಿ ಕೂಡಬೇಕು, ಚಹಾ ಕುಡಿಯಬೇಕು, ತಪ್ಪದೇ ಬರ್ರಿ ಎಂದು ಬಾಯಿಂದ ಹೇಳಬೇಕು. ಲಗ್ನವಿರಲಿ, ದಾವತ್ತಿರಲಿ, ಹಿಂದೂಗಳಿರಲಿ, ಮುಸಲ್ಮಾನರಿರಲಿ, ಇದರಲ್ಲಿ ಭೇದವಿಲ್ಲ. ಹೀಗೆ ಕರೆಯದಿದ್ದರೆ ಒಡಹುಟ್ಟಿದವರೂ ಹೊಸಿಲು ದಾಟುವುದಿಲ್ಲ, ದಾಟಿದರೆ ಬುದ್ಧಿಯಿಲ್ಲ ಎನ್ನುತ್ತಾರೆ. ಬಾಬಣ್ಣ ಜೀಪು ಮಾಡಿಕೊಂಡು ಹೊರಟರು. ಬಾದಾಮಿಯಲ್ಲಿ ದೊಡ್ಡ ಹೋಟೆಲಿನ ಮಾಲೀಕರಾದ ತಿಮ್ಮಣ್ಣನವರನ್ನು ಮುಖ್ಯ ಅತಿಥಿಯೆಂದು ಕರೆದರು. ಹುನಗುಂದದ ವರ್ತಕರನ್ನು ಕರೆದರು. ಇಳಕಲ್ಲಿಗೂ ಬಂದು, ಗೋಮಿಯಲ್ಲಿ ಒಂದು ಚೌಕವನ್ನೂ ತುಂಬದ ಸೀರೆ ಸಾವುಕಾರರ ಮನೆಮನೆಗೆ ಹೋಗಿ ಫರಾಳ ತಿಂದರು. ಅವರ ಜೀಪು ನಾಹಿದಾಳ ಓಣಿಯ ತುದಿಯಲ್ಲೇ ನಿಂತದ್ದನ್ನು ಅವಳು ಅಂಗಡಿಯಲ್ಲಿ ಕೂತೇ ನೋಡಿದಳು.

ಅವಳು ಎದ್ದು ಕುರ್ಚಿಯ ಮೇಲಿನ ಕಾಗದಗಳನ್ನು ತೆಗೆದಿಟ್ಟಳು. ಚಹಾಕ್ಕೆ ಹಾಲಿದೆಯೇ ಎಂದು ಒಳಗೆ ಕೇಳಿದಳು. ಈ ಮಾತು ಯಾರಿಗೂ ಗೊತ್ತಾಗಬಾರದಿತ್ತು, ಗೊತ್ತಾದರೂ ಅಡ್ಡಿಯಿಲ್ಲ. ಇಷ್ಟೆಲ್ಲ ಹೀಯಾಳಿಸುವ ಹೆಣ್ಣುಮಗಳಿಗೆ ಕರೆಸಿಕೊಳ್ಳುವ ಆಸೆ ಇತ್ತು. ಬಳಗ ಎನ್ನುವುದನ್ನು ಕೂಸಿನ ಹಾಗೆ ಎತ್ತಿ ಆಡಿಸಿದವಳು. ಅದರ ಹೆಸರಿನಲ್ಲಿ ಊರೆಲ್ಲ ಸೇರುವಾಗ, ನೀನೂ ಬಾ ಎಂದು ಒಬ್ಬರ ಬಾಯಿಂದ ಬಂದರೆ ಸಾಕಿತ್ತು. ಆ ಒಂದು ಮಾತು ಬಂದರೆ ಅವಳು ಆ ಹಾಳು ಫೋಟೋಗಳನ್ನೂ, ಆ ಶಿಫಾರಸನ್ನೂ ನುಂಗಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

ಜೀಪು ಹಿಂದಕ್ಕೆ ತಿರುಗಿ ಹೋಯಿತು.

ಅವಳ ತಾಯಿ ದಸ್ತಗೀರಬಿ ಚಹಾದ ಪಾತ್ರೆ ಹಿಡಿದು ಬಾಗಿಲಿಗೆ ಬಂದು, ಬರ್ತಾರ ಅಂದಿದ್ದಿ ಅಲ್ಲ ಎಂದು ಕೇಳಿದಳು. ನಾಹಿದಾ ತೆಗೆದಿಟ್ಟಿದ್ದ ಕಾಗದಗಳನ್ನು ಮತ್ತೆ ಕುರ್ಚಿಯ ಮೇಲೆ ಇಟ್ಟಳು. ಮುದುಕಿ ಮಗಳ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡಳು. ಅವಳ ಕಣ್ಣಿಗೆ ಮಾನ ಎನ್ನುವುದು ಕೊರಳಿನ ಕರಿಮಣಿಗಿಂತ ದೊಡ್ಡದು.

"ಕರೀದ ಹೋಗಬ್ಯಾಡ," ಎಂದಳು. "ಹೋದ್ರ ಪಾತ್ರಿ ತಿಕ್ಕಾಕ ಬಂದಾಳ ಅಂತಾರ."

ಆಮೇಲೆ ತಿಳಿದದ್ದೇನೆಂದರೆ, ಅವಳನ್ನು ಬೇಕೆಂದು ಬಿಟ್ಟವರು ಯಾರೂ ಇರಲಿಲ್ಲ. ಬೇಕೆಂದು ಬಿಟ್ಟಿದ್ದರೆ ಸಿಟ್ಟಾಗಿಯಾದರೂ ಸುಮ್ಮನಾಗಬಹುದಿತ್ತು. ಬಾಬಣ್ಣ, ಸಂಜು ಸರ್ ಹೇಳಿರುತ್ತಾರೆ ಎಂದುಕೊಂಡಿದ್ದರು. ಸಂಜು ಸರ್, ಬಾಬಣ್ಣ ಇಳಕಲ್ಲಿಗೇ ಹೋಗಿದ್ದಾರಲ್ಲ ಎಂದುಕೊಂಡಿದ್ದರು. ರಿಜ್ವಾನ ದೊಡ್ಡವರಿರುವಾಗ ತಾನು ಕರೆದರೆ ಅಧಿಕಪ್ರಸಂಗವಾದೀತೆಂದು ಬಾಯಿ ಮುಚ್ಚಿಕೊಂಡಿದ್ದ. ಮೂವರ ತಲೆಯಲ್ಲೂ ಒಂದೇ ಮಾತು ಕೂತಿತ್ತು: ಅವಳೇನು ಹೊರಗಿನವಳೇ, ಮನೆಯವಳು, ಮನೆಯವರಿಗೆ ಏನು ಕರೆಯುವುದು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಲ್ಲಿಯಂತೂ ಬಡಿಸಿದವರಿಗೆ ಅಡುಗೆ ಮಾಡಿದವಳ ನೆನಪೇ ಇರಲಿಲ್ಲ.

ಉದ್ಘಾಟನೆಯ ದಿನ ನಾಹಿದಾ ಎಂದಿನ ಹಾಗೆ ಅಂಗಡಿ ತೆಗೆದಳು. ಯಾರದೋ ಸೀರೆಗೆ ಚಿಕ್ಕ ದಡಿ ಬರೆಯಬೇಕಿತ್ತು. ಕೈ ಮಾಡುತ್ತಿತ್ತು, ಮನಸ್ಸು ನವನಗರದಲ್ಲಿತ್ತು. ಈಗ ದೀಪ ಹಚ್ಚಿರುತ್ತಾರೆ, ಈಗ ಶಾಲು ಹೊದಿಸುತ್ತಿರುತ್ತಾರೆ, ಈಗ ಬಾಬಣ್ಣನವರು ತಮ್ಮ ಹೆಸರು ಹೇಳಿಕೊಳ್ಳುತ್ತಿರುತ್ತಾರೆ ಎಂದು ಒಂದೊಂದನ್ನೇ ಊಹಿಸಿ ಒಂದೊಂದಕ್ಕೂ ಮನಸ್ಸಿನಲ್ಲೇ ಬೈದಳು. ಬೈಯುವಾಗ ಕಣ್ಣು ಹನಿಗೂಡಿದ್ದು ಅವಳಿಗೇ ಸೇರಲಿಲ್ಲ.

ಅಲ್ಲಿ ಸಭಾಭವನದಲ್ಲಿ ಎಲ್ಲವೂ ಅವಳ ಊಹೆಯಂತೆಯೇ ನಡೆದಿತ್ತು. ತಿಮ್ಮಣ್ಣನವರು ಗುಂಡಿ ಒತ್ತಿದರು, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಬಾಬಣ್ಣ ಕೈಮುಗಿದು ನಿಂತರು, ಕೆಳಗೆ ಕೂತ ಬಾಬಣ್ಣ ಅದಕ್ಕೆ ಚಪ್ಪಾಳೆ ತಟ್ಟಿದರು. ಅಲ್ಲಿಗೇ ಬಿಟ್ಟಿದ್ದರೆ ಎಲ್ಲರೂ ಉಪ್ಪಿಟ್ಟು ಶಿರಾ ತಿಂದು ಮನೆಗೆ ಹೋಗುತ್ತಿದ್ದರು. ಆದರೆ ಸಂಜು ಸರ್‌ಗೆ ಹುಮ್ಮಸ್ಸು ಬಂತು. ಮೂಲೆಯಲ್ಲಿದ್ದ ಡಬ್ಬಿ ಅವರ ಕಣ್ಣಿಗೆ ಆಗಲೇ ಬಿದ್ದದ್ದು. ನಮ್ಮ ಬಳಗ ಯಾರನ್ನೂ ಕಾಯಿಸುವುದಿಲ್ಲ, ತಾವು ಏನನ್ನಾದರೂ ಕೇಳಿ, ಕ್ಷಣದಲ್ಲಿ ಉತ್ತರ ಬರುತ್ತದೆ ಎಂದು ತಿಮ್ಮಣ್ಣನವರ ಮುಂದೆ ಕೀಲಿಮಣೆ ಇಟ್ಟರು. ತಿಮ್ಮಣ್ಣ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದರು: "ನಾನು ತಿಮ್ಮಣ್ಣ. ಒಳಗೆ ಬರಬಹುದೇ?"

ನಾಹಿದಾಳ ಪರದೆಯ ಮೇಲೆ ಆ ಪ್ರಶ್ನೆ ಮೂಡಿತು. ಅವಳು ನೋಡಿದಳು, ಕೈಕಟ್ಟಿ ಕೂತಳು.

ಸಭೆ ಕಾಯಿತು. ಸಂಜು ಸರ್ ನೆಟ್‌ವರ್ಕನ್ನು ಬೈದರು. ರಿಜ್ವಾನ ಬಾಬಣ್ಣನವರ ಕಿವಿಯಲ್ಲಿ, ಉತ್ತರ ಕೊಡುವವಳು ನಾಹಿದಾ ಅಕ್ಕ ಎಂದ. ಬಾಬಣ್ಣ ಸಭೆಯೊಳಗೆ ಕಣ್ಣಾಡಿಸಿದರು. ಅವಳು ಎಲ್ಲಿಯೂ ಇಲ್ಲವೆಂಬುದು ಅವರಿಗೆ ತಿಳಿದದ್ದು ಆ ಕ್ಷಣದಲ್ಲಿ. ಗೋಡೆಯ ಕಡೆ ತಿರುಗಿ ಫೋನು ಹಚ್ಚಿದರು.

ಇಷ್ಟು ದಿನಗಳಲ್ಲಿ ಅವರಿಂದ ಬಂದ ಮೊದಲ ಕರೆ. ನಾಹಿದಾ ಅವಸರದಿಂದ ಎತ್ತಿದಳು. ಈಗಲಾದರೂ ಆ ಮಾತು ಬರಬಹುದೆಂದು ಒಂದು ಗಳಿಗೆ ಆಸೆಪಟ್ಟಳು.

"ಎಲ್ಲಿದ್ದೀ ತಂಗಿ? ತಿಮ್ಮಣ್ಣಾರು ಕಾಯಾಕತ್ತಾರ. ಲಗೂನ ಸ್ವಾಗತ ಅಂತ ಒಂದ ಮಾತು ಬರದು ಒಗಿ."

ಇಷ್ಟೇ ಹೇಳಿ ಅವರು ಫೋನನ್ನು ಅಂಗಿಯ ಕಿಸೆಗೆ ಹಾಕಿದರು. ಕಟ್ ಮಾಡಬೇಕೆಂಬುದು ಅವರಿಗೆ ತೋಚಲಿಲ್ಲ, ಎಂದೂ ತೋಚುವುದಿಲ್ಲ. ಇಡೀ ಸಭೆಯ ಸದ್ದು ನಾಹಿದಾಳ ಅಂಗಡಿಯಲ್ಲಿ ಕೇಳತೊಡಗಿತು. ಬರದು ಒಗಿ ಅಂತೆ. ಕಸದ ಬುಟ್ಟಿಗೆ ಸಿಪ್ಪೆ ಒಗೆದ ಹಾಗೆ. ಅವಳ ಎದೆಯಲ್ಲಿದ್ದ ಆಸೆ ಸಿಟ್ಟಾಗಿ, ಸಿಟ್ಟು ತಣ್ಣಗಾಗಿ, ಬೆರಳು ಕೀಲಿಮಣೆಗೆ ಹೋಯಿತು. ಅವಳು ತನ್ನದೊಂದು ಅಕ್ಷರವನ್ನೂ ಬರೆಯಲಿಲ್ಲ. ಸಂಜು ಸರ್ ಬರೆದದ್ದನ್ನೇ ಎತ್ತಿ ಅಂಟಿಸಿದಳು.

ಬಾಗಲಕೋಟೆಯ ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳು ಬಂದವು. ಇಬ್ಬರು ಹಳೆಯ ಸದಸ್ಯರ ಶಿಫಾರಸಿನೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು, ಅಧ್ಯಕ್ಷರ ಪರಿಶೀಲನೆಯ ನಂತರ ತಿಳಿಸಲಾಗುವುದು, ಅಲ್ಲಿಯವರೆಗೆ ಕಾಯತಕ್ಕದ್ದು.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ತಿಮ್ಮಣ್ಣ ಹೋಟೆಲಿನ ಮನುಷ್ಯ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಗಲ್ಲಾಪೆಟ್ಟಿಗೆ ತುಂಬುವುದಿಲ್ಲವೆಂದು ಬಲ್ಲವರು. ಅವರಿಗೆ ಸಿಟ್ಟಿಗಿಂತ ಮೋಜೇ ಹೆಚ್ಚಾಯಿತು. ನೀವಿಬ್ಬರೂ ದೊಡ್ಡ ಸದಸ್ಯರೇ ಇದ್ದೀರಲ್ಲ, ನನಗೊಂದು ಶಿಫಾರಸು ಕೊಡಿ ಎಂದರು. ಸಂಜು ಸರ್ ಬೆವರು ಒರೆಸಿಕೊಳ್ಳುತ್ತ ಅರ್ಜಿ ತೆರೆದು, ಶಿಫಾರಸು ಮಾಡುವವರ ಜಾಗದಲ್ಲಿ ತಮ್ಮ ಹೆಸರನ್ನೂ ಅಧ್ಯಕ್ಷರ ಹೆಸರನ್ನೂ ತುಂಬಿ ಗುಂಡಿ ಒತ್ತಿದರು.

"ಈ ಹೆಸರಿನವರು ಬಳಗದಲ್ಲಿ ಇಲ್ಲ" ಎಂದು ಗೋಡೆ ಹೇಳಿತು.

ಇನ್ನೊಮ್ಮೆ ಒತ್ತಿದರು. ಗೋಡೆ ಇನ್ನೊಮ್ಮೆ ಹೇಳಿತು.

ಎಲ್ಲರ ಕಣ್ಣೂ ರಿಜ್ವಾನನ ಮೇಲೆ. ಅವನು ನೆಲ ನೋಡುತ್ತ ಇದ್ದ ಸಂಗತಿ ಹೇಳಿದ. ಹಳೆಯ ಸದಸ್ಯರನ್ನು ಸೇರಿಸು ಎಂದು ನೀವೇ ಹೇಳಿದಿರಿ. ಒಂದು ದಡಿಯನ್ನಾದರೂ ಬರೆದವರೇ ನಮ್ಮಲ್ಲಿ ಸದಸ್ಯರು. ನೀವಿಬ್ಬರೂ ಈವರೆಗೆ ಒಂದೂ ಬರೆದಿಲ್ಲ. ಇದರಲ್ಲಿ ಅವನ ಕಿತಾಪತಿ ಏನೂ ಇರಲಿಲ್ಲ. ಅಧ್ಯಕ್ಷರು ತಮ್ಮದೇ ತಂತ್ರಾಂಶವನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ ಎಂಬುದು ಆ ಬಡಪಾಯಿಗೆ ಹೇಗೆ ಹೊಳೆಯಬೇಕು?

ಬಾಬಣ್ಣನವರ ಕಿಸೆಯ ಮೂಲಕ ಇದನ್ನೆಲ್ಲ ಕೇಳುತ್ತ ನಾಹಿದಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆಗ ಡಬ್ಬಿಯಲ್ಲಿ ಇನ್ನೊಂದು ಪ್ರಶ್ನೆ ಬಂತು. ಅದೂ ಗೋಡೆಯ ಮೇಲೆ ಎಲ್ಲರಿಗೂ ಕಂಡಿತು.

"ಅಕ್ಕಾರ, ನಾ ರಾಮಥಾಳದ ಸುಮಾ. ಎಲ್ಲಾರಿಗೂ ಸ್ವಾಗತ ಅಂತ ಬೋರ್ಡ್ ನೋಡಿ ಬಂದೇನ್ರಿ. ಬಾಗಲದಾಗ ಕಾರ್ಡ್ ಕೇಳಾಕತ್ತಾರ. ಹೊರಗ ನಿಂತೇನಿ. ನೀವು ಒಳಗ ಅದೀರೇನ್ರಿ?"

ನಾಹಿದಾಳ ನಗು ನಿಂತಿತು. ಸುಮಾಳನ್ನು ಅವಳು ಕಣ್ಣಿಂದ ನೋಡಿರಲಿಲ್ಲ. ಆದರೆ ರಾತ್ರಿ ಹಗಲೆನ್ನದೆ ಪ್ರಶ್ನೆ ಕೇಳಿ ಜೀವ ತಿಂದವಳು, ಕಡೆಗೆ ನವಿಲಿನ ಸಾಲಿರುವ ದಡಿ ಬರೆದು ಬಳಗಕ್ಕೆ ಕೊಟ್ಟವಳು. ಆ ನವಿಲುಗಳನ್ನು ಇಳಕಲ್ಲಿನ ಎಷ್ಟೋ ಮಗ್ಗಗಳು ನೇಯ್ದಿದ್ದವು. ಅವಳು ಬಿಸಿಲಲ್ಲಿ ಬಾಗಿಲ ಹೊರಗೆ, ಸಾವುಕಾರರು ಫ್ಯಾನಿನ ಕೆಳಗೆ. ನಾಹಿದಾಳಿಗೆ ತನ್ನದೇ ಸಂಕಟ ಇನ್ನೊಬ್ಬಳ ಬಾಯಿಂದ ಬಂದ ಹಾಗಾಯಿತು. ಕರೆಯದೇ ಉಳಿದವಳು ತಾನೊಬ್ಬಳೇ ಅಲ್ಲ ಎಂದು ತಿಳಿದಾಗ ಅವಳಿಗೆ ನಾಚಿಕೆಯೂ ಆಯಿತು. ತಾನು ಮಾನದ ಚಿಂತೆಯಲ್ಲಿ ಕೂತಾಗ, ಬಂದವರನ್ನು ಬಾಗಿಲಲ್ಲಿ ಬರಮಾಡಿಕೊಳ್ಳುವವರು ಯಾರೂ ಇಲ್ಲದಂತಾಗಿತ್ತಲ್ಲ.

ಅವಳು ಸರಸರನೆ ಬರೆದಳು, ಈ ಸಲ ತನ್ನ ಮಾತಿನಲ್ಲಿ: "ಇಲ್ಲವಾ, ನನ್ನನ್ನೂ ಯಾರೂ ಕರದಿಲ್ಲ. ಆದ್ರ ನೀ ದಡಿ ಬರದಾಕಿ, ನೀ ಒಳಗಿನಾಕಿ. ಹೊರಗಿನವರೆಲ್ಲ ಸ್ಟೇಜ್ ಮ್ಯಾಲ ಅದಾರ. ತಿಮ್ಮಣ್ಣಾರಿಗೆ ಶಿಫಾರಸ ಬೇಕಂತ, ನೀ ಹೋಗಿ ಕೊಡು. ಇನ್ನೊಂದು ನಾ ಕೊಡ್ತೇನಿ."

ಕಿಸೆಯೊಳಗಿನಿಂದ ಕುರ್ಚಿ ಸರಿದ ಸದ್ದು ಕೇಳಿತು. ತಿಮ್ಮಣ್ಣನವರು ಶಾಲನ್ನು ಕುರ್ಚಿಯ ಮೇಲೆ ಹಾಕಿ ತಾವೇ ಬಾಗಿಲಿಗೆ ನಡೆದಿದ್ದರು. ಬಾ ತಂಗಿ, ನೀ ಬಂದ್ರ ನನಗೂ ಒಳಗ ಬಿಡ್ತಾರಂತ ಎಂದದ್ದು ದೂರದಿಂದ ಕೇಳಿತು. ಸಭೆ ಹೋ ಎಂದು ನಕ್ಕಿತು. ಪತ್ರಿಕೆಯವರು ಫೋಟೋ ತೆಗೆದದ್ದು ಆ ಹೊತ್ತಿನಲ್ಲೇ. ಮರುದಿನ ಬಂದ ಫೋಟೋದಲ್ಲಿ ತಿಮ್ಮಣ್ಣನವರೂ ಸುಮಾಳೂ ಪರದೆಯ ಮುಂದೆ ನಿಂತಿದ್ದರು, ಪಕ್ಕದಲ್ಲಿ ಬಾಬಣ್ಣನವರ ಅರ್ಧ ಹೆಗಲು ಇತ್ತು. ಹೆಗಲು ಅವರದೇ ಎಂದು ಶಾಲಿನಿಂದ ಗುರುತು ಹಿಡಿಯಬಹುದಿತ್ತು.

ಆ ಮರುದಿನ ಮುಂಜಾನೆಯೇ ಹಳೆಯ ಪುಟ ಮರಳಿ ಬಂದಿತ್ತು. ರಿಜ್ವಾನ ಅದನ್ನು ಅಳಿಸಿರಲೇ ಇಲ್ಲ. ಯಾರನ್ನೂ ಕೇಳದೆ ಫೋಟೋಗಳನ್ನೂ ಅರ್ಜಿಯನ್ನೂ ಕಿತ್ತು, "ಬರ್ರಿ, ಕೂಡ್ರಿ" ಎಂಬುದನ್ನು ನೆತ್ತಿಯ ಮೇಲಿಟ್ಟು, ನಾಹಿದಾಳಿಗೆ ಒಂದು ಸಂದೇಶ ಕಳಿಸಿದ್ದ: ತಪ್ಪಾತು ಅಕ್ಕಾ. ಊರೆಲ್ಲ ನಕ್ಕ ಮೇಲೆ ಧೈರ್ಯ ಬಂದಿತ್ತು ಗಂಡಸಿಗೆ. ಅವಳು ಅವನಿಗೆ ಎರಡು ದಿನ ಉತ್ತರ ಕೊಡಲಿಲ್ಲ, ಮೂರನೆಯ ದಿನ ಕೊಟ್ಟಳು. ಸಂಜು ಸರ್ ಸ್ವಾಭಿಮಾನಕ್ಕೆ ಪೆಟ್ಟಾಗಿದೆ ಎಂದು ದೊಡ್ಡ ರಾಜೀನಾಮೆ ಬರೆದು ಎಲ್ಲರಿಗೂ ಹಂಚಿದರು. ಅದನ್ನು ಅಂಗೀಕರಿಸಲು ಯಾರಿಗೂ ಪುರುಸೊತ್ತಾಗಲಿಲ್ಲ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಜೀಪು ಓಣಿಯ ತುದಿಯಲ್ಲಿ ನಿಲ್ಲದೆ ಒಳಗೇ ಬಂತು. ಬಾಬಣ್ಣ ಇಳಿದರು. ಮೈಮೇಲೆ ಶಾಲಿರಲಿಲ್ಲ. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿಯಿತ್ತು. ಅಂಗಡಿಯ ಹೊಸಿಲಿನ ಮುಂದೆ ಬಂದು ನಿಂತರು. ನೂರು ವೇದಿಕೆ ಹತ್ತಿದ ಆ ಕಾಲು ಒಂದು ಹೊಸಿಲು ದಾಟಲು ಹಿಂದೆ ಮುಂದೆ ನೋಡುತ್ತಿತ್ತು.

ಈ ಗಳಿಗೆಗಾಗಿ ನಾಹಿದಾ ಒಂದು ರಾಶಿ ಮಾತನ್ನು ಹರಿತ ಮಾಡಿಟ್ಟಿದ್ದಳು. ಅರ್ಜಿ ತಂದಿದ್ದೀರಾ ಎಂದು ಕೇಳಬೇಕೆಂದಿದ್ದಳು, ಕಾಯತಕ್ಕದ್ದು ಎನ್ನಬೇಕೆಂದಿದ್ದಳು. ಆದರೆ ಬಾಗಿಲಿಗೆ ಬಂದವರನ್ನು ಕಂಡ ಕೂಡಲೇ ಅವಳ ಹಾಳು ನಾಲಿಗೆ ರೂಢಿ ಬಿಡಲಿಲ್ಲ.

"ಬರ್ರಿ ಕಾಕಾರ, ಕೂಡ್ರಿ," ಎಂದುಬಿಟ್ಟಳು.

ಅವರು ಕೂತರು. ದಸ್ತಗೀರಬಿ ಚಹಾ ತಂದಿಟ್ಟು, ಡಬ್ಬಿಯ ಕಡೆ ನೋಡದೇ ಒಳಗೆ ಹೋದಳು. ಬಾಬಣ್ಣ ಬಸಿಯಲ್ಲಿ ಚಹಾ ಸುರಿದುಕೊಂಡರು, ಕುಡಿದರು, ಮೀಸೆ ಒರೆಸಿದರು. ಮೈಕಿಲ್ಲದೆ ಮಾತು ಸುರುಮಾಡುವುದು ಅವರಿಗೆ ಒಗ್ಗಿರಲಿಲ್ಲ.

"ನೀ ನಮ್ಮ ಮನಿ ಮಗಳು, ತಂಗಿ. ಮನಿ ಮಂದಿಗೆ ಏನ್ ಕರಿಯೂದು ಅಂತ ಬಿಟ್ವಿ. ಅದನ್ನ ಮನಸಿನ್ಯಾಗ ಇಟಗೋಬ್ಯಾಡ."

"ಮನಿ ಮಗಳನ್ನ ಪಂಚಮಿಗೆ ಕರಿಯಾಕ ಹೋಗ್ತಾರಲ್ರಿ, ಕಾಕಾರ," ಎಂದಳು ನಾಹಿದಾ. "ಕರೀದ ಬರೂದು ಕೂಲಿ ಆಳು."

ಬಾಬಣ್ಣ ಬಸಿಯನ್ನು ಕೆಳಗಿಟ್ಟರು. ಗಂಡನ ಮನೆಯಲ್ಲಿದ್ದ ತಮ್ಮ ಮೂವರು ಹೆಣ್ಣುಮಕ್ಕಳನ್ನು ಪ್ರತಿ ನಾಗರ ಪಂಚಮಿಗೆ ತವರಿಗೆ ಕರೆತರಲು ಅವರೇ ಊರೂರು ಹೋಗುತ್ತಿದ್ದರು. ಒಬ್ಬಳಿಗೆ ಒಂದು ವರ್ಷ ತಡವಾದದ್ದಕ್ಕೆ ಅವಳು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಸಭೆಯಲ್ಲಿ ಗೋಡೆ ಹೇಳಿದ್ದು ಅವರಿಗೆ ಅಷ್ಟು ನಟ್ಟಿರಲಿಲ್ಲ, ಇದು ನಟ್ಟಿತು.

ನಾಹಿದಾಳಿಗೆ ಗೆದ್ದೆನೆಂದು ಕುಣಿಯುವಷ್ಟು ಖುಷಿಯೇನೂ ಆಗಲಿಲ್ಲ. ಲಗ್ನ ಮುಗಿದ ಮೇಲೆ ಬಂದ ಕರೆ ಇದು, ಹಳಸಿದ ಊಟ. ಆದರೂ ಒಬ್ಬರು ಹೊಸಿಲು ದಾಟಿ ಬಂದಿದ್ದರು, ಚಹಾ ಕುಡಿದಿದ್ದರು, ಅವಳ ಅಂಗಡಿಯಲ್ಲಿ ಕೂತಿದ್ದರು. ಅವಳು ಅವರನ್ನು ಕೂಡಿಸಿದ್ದ ಕುರ್ಚಿಯೂ ಹೊಸದಾಗಿ ಕಲಿಯಲು ಬಂದವರು ಕೂಡುವ, ಒಂದು ಕಾಲು ಕುಂಟುವ ಕುರ್ಚಿಯೇ. ಅವಳಿಗೆ ಪುಟದ ಮೇಲಿನ ತನ್ನ ಮಾತು ನೆನಪಾಯಿತು. ಅರ್ಧ ಹೇಳಿಯಾಗಿತ್ತು, ಉಳಿದದ್ದನ್ನೂ ಹೇಳಿದಳು.

"ಏನ ಬೇಕು ಹೇಳ್ರಿ."

ಬಾಬಣ್ಣ ಯೋಚಿಸಿದರು. ಕ್ಷಮೆ ಎನ್ನುವ ಮಾತು ಅವರ ತುಟಿಯವರೆಗೆ ಬಂದಂತೆ ಕಂಡಿತು. ಅಲ್ಲಿಂದ ಅದು ಹಿಂದೆ ಸರಿಯಿತು. ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಆ ಪುಟದಾಗ ನಂದೊಂದು ಫೋಟೋ ಇರ್ಲಿ, ತಂಗಿ. ಸಣ್ಣದಾದ್ರೂ ನಡೀತೈತಿ."

ನಾಹಿದಾ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನುಷ್ಯ ಚಟ್ಟ ಏರಿದರೂ ಚಟ ಬಿಡುವುದಿಲ್ಲ ಎಂಬುದನ್ನು ಅಂದು ಕಣ್ಣಾರೆ ಕಂಡಳು. ಆದರೆ ಆ ನಗುವಿನಲ್ಲಿ ಇಷ್ಟು ದಿನದ ವಿಷ ಇರಲಿಲ್ಲ. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಗೋಮಿಯ ಖಾಲಿ ಚೌಕಗಳನ್ನು ತೆರೆದು, ಮೌಸನ್ನು ಅವರ ಮುಂದೆ ದೂಡಿದಳು.

"ಇರ್ಲಿ ಬಿಡ್ರಿ. ಮೊದ್ಲ ಒಂದ ದಡಿ ಬರೀರಿ."

ಅಧ್ಯಕ್ಷರು ಮೌಸನ್ನು ಮೇಲೆತ್ತಿ ಅದರ ಹೊಟ್ಟೆ ನೋಡಿದರು. ಅವಳು ಅದನ್ನು ಮೇಜಿನ ಮೇಲೆ ಇಡಿಸಿದಳು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು, ಉಸಿರು ಬಿಗಿಹಿಡಿದರು, ಒತ್ತಿದರು. ಗೆರೆ ಎತ್ತಲೋ ಹೋಗಬೇಕಿದ್ದದ್ದು ಎತ್ತಲೋ ಹೋಯಿತು. ಅವರ ಹಣೆಯ ಮೇಲೆ ಬೆವರು ಮೂಡಿತು. ನಾಹಿದಾ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಕಮತಗಿಯವರಿಗೂ ಬೇವೂರಿನವರಿಗೂ ರಾಮಥಾಳದ ಸುಮಾಳಿಗೂ ಹೇಳಿದ್ದನ್ನೇ ಅವರಿಗೂ ಹೇಳಿದಳು.

"ನಡೀತೈತಿ. ಅಳಿಸಿ ಮತ್ತ ಬರೀರಿ."